ಬೆರಳುದ್ದದ ಸ್ಮೃತಿಯ ಆಯುಸ್ಸು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದುಹೋಗುವವರ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಮಗ್ಗದ ಮೇಲುಭಾಗದಲ್ಲಿ ಜಕಾರ್ಡ್ ಎಂಬ ಯಂತ್ರವೊಂದು ಉಂಟು. ಸೀರೆಯ ಸೆರಗಿನಲ್ಲಿ ನವಿಲೋ ಮಾವಿನಕಾಯಿಯೋ ಮೂಡಬೇಕಾದರೆ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವ ಎಳೆ ಕೆಳಗೇ ನಿಲ್ಲಬೇಕು ಎಂಬುದನ್ನು ಈ ಯಂತ್ರವು ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆಯೊಂದನ್ನು ಓದಿ ತಿಳಿದುಕೊಳ್ಳುತ್ತದೆ. ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಬಳಕೆಗೆ ತಂದ ಉಪಾಯವಿದು. ಇಲ್ಲಿ ರಟ್ಟಿಗೆ ತೂತು ಹೊಡೆಯುವುದು ಒಂದೇ ಸಲ; ಅದನ್ನು ಓದುವುದು ಮಾತ್ರ ಸಾವಿರಾರು ಸಲ. ಆದುದರಿಂದ ಓದಿಸಿಕೊಂಡೇ ರಟ್ಟು ಸವೆಯುತ್ತದೆ, ಅದರ ಅಂಚು ಹರಿಯುತ್ತದೆ.

ಈಚಿನ ಎಲೆಕ್ಟ್ರಾನಿಕ್ ಜಕಾರ್ಡ್‌ಗಳಲ್ಲಿ ಈ ರಟ್ಟಿನ ಮಾಲೆಯಿಲ್ಲ. ವಿನ್ಯಾಸವು ಬೆರಳುದ್ದದ ಪೆನ್ ಡ್ರೈವಿನಲ್ಲಿ ಬಂದು ಯಂತ್ರವನ್ನು ಸೇರುತ್ತದೆ. ಆದರೆ ಈ ಹೊಸ ಸ್ಮೃತಿಯ ಸ್ವಭಾವ ರಟ್ಟಿನ ಸ್ವಭಾವಕ್ಕೆ ತದ್ವಿರುದ್ಧವಾದುದು. ಓದುವುದರಿಂದ ಅದಕ್ಕೆ ಆಗುವ ಹಾನಿ ಅತ್ಯಲ್ಪ. ಬರೆಯುವುದರಿಂದಲೂ ಅಳಿಸುವುದರಿಂದಲೂ ಅದು ಸವೆಯುತ್ತದೆ. ಹೊರಗೆ ನೋಡಿದರೆ ಚಲಿಸುವ ಭಾಗವೊಂದೂ ಇಲ್ಲ, ತಿರುಗುವ ತಟ್ಟೆಯಿಲ್ಲ, ಉಜ್ಜುವ ಮುಳ್ಳಿಲ್ಲ. ಹಾಗಿದ್ದೂ ಸವೆಯುವುದೇನು? ಇದೇ ಇಲ್ಲಿ ವಿಚಾರಿಸತಕ್ಕ ವಿಷಯ.

ವಿಚಾರಕ್ಕೆ ಕಾರಣವೂ ಉಂಟು. ಶಾಲೆ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಹಳೆಯ ಗಣಕಯಂತ್ರವೊಂದನ್ನು ಸರ್ವರ್ ಆಗಿ ಮಾಡಿ ಹಗಲಿರುಳೂ ನಡೆಸುವುದು ಈಗ ಸಾಮಾನ್ಯವಾಗಿದೆ. ಗ್ರಂಥಾಲಯದ ಪುಸ್ತಕಗಳ ಪಟ್ಟಿ, ವಿದ್ಯಾರ್ಥಿಗಳ ಅಂಕಪಟ್ಟಿ, ಪಾಠದ ಚಿತ್ರಗಳು ಎಲ್ಲವೂ ಅದರ ದೊಡ್ಡ ಡಿಸ್ಕುಗಳಲ್ಲಿರುತ್ತವೆ. ಯಂತ್ರಕ್ಕೆ ಚಾಲನೆ ಕೊಟ್ಟಾಗ ಅದು ಮೊಟ್ಟಮೊದಲು ಓದಿಕೊಳ್ಳಬೇಕಾದ ಕಾರ್ಯಾಚರಣ ವ್ಯವಸ್ಥೆಯನ್ನು ಮಾತ್ರ ಒಂದು ಪೆನ್ ಡ್ರೈವಿನಲ್ಲಿ ತುಂಬಿ ಹಿಂಭಾಗದಲ್ಲಿ ಸಿಕ್ಕಿಸಿಬಿಡುತ್ತಾರೆ. ಹೀಗೆ ಆರಂಭಕ್ಕೆ ಬೇಕಾದುದನ್ನು ಒದಗಿಸುವ ಸಾಧನಕ್ಕೆ ಬೂಟ್ ಸಾಧನವೆಂದು ಹೆಸರು. ಕೆಲವು ನೂರು ರೂಪಾಯಿಗಳಲ್ಲಿ ಕೆಲಸವಾಗುತ್ತದೆ, ಒಂದು ಡಿಸ್ಕಿನ ಜಾಗವೂ ಉಳಿಯುತ್ತದೆ. ಮಾಡಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆಯನ್ನು ವರ್ಷದ ಲೆಕ್ಕದಲ್ಲಿ ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಸೀಸದ ಕಡ್ಡಿಯಿಂದ ಬರೆದು ರಬ್ಬರಿನಿಂದ ಅಳಿಸುವ ನೋಟುಪುಸ್ತಕ ಎಷ್ಟು ವರ್ಷ ಬಾಳೀತು ಎಂದು ಕೇಳಿದರೆ ನಾವು ಏನೆಂದೇವು? ಪೆಟ್ಟಿಗೆಯಲ್ಲಿಟ್ಟು ಆಗಾಗ ತೆರೆದು ಓದಿದರೆ ಮೊಮ್ಮಕ್ಕಳ ಕಾಲಕ್ಕೂ ಇರಬಹುದು. ಒಂದೇ ಹಾಳೆಯ ಮೇಲೆ ದಿನವಿಡೀ ಬರೆದು ಉಜ್ಜುತ್ತಿದ್ದರೆ ಸಂಜೆಗೆ ಹಾಳೆ ತೂತಾಗಬಹುದು. ಪೆನ್ ಡ್ರೈವಿನ ಆಯುಸ್ಸೂ ಹೀಗೆಯೇ, ಬರೆದು ಅಳಿಸಿದ ಸಲಗಳ ಎಣಿಕೆಯಲ್ಲಿದೆ.

ಏರಿಯೊಳಗಿನ ಬಿಲಗಳು

ಫ್ಲಾಷ್ ಸ್ಮೃತಿಯೆಂಬುದು ಕೋಟ್ಯಂತರ ಸೂಕ್ಷ್ಮ ಕೋಶಗಳ ಸಮೂಹ. ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರು. ಸಾಮಾನ್ಯ ಟ್ರಾನ್ಸಿಸ್ಟರಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದರ ನಡುವೆ ಯಾವುದಕ್ಕೂ ತಂತಿಯ ಸಂಬಂಧವಿಲ್ಲದೆ, ಸುತ್ತಲೂ ಅವಾಹಕದಿಂದ ಆವೃತವಾಗಿ ತೇಲಿದಂತಿರುವ ಒಂದು ವಾಹಕಪದರ. ಇದನ್ನು ತೇಲುದ್ವಾರವೆಂದು ಕರೆಯಬಹುದು. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಇದನ್ನು ಕಲ್ಪಿಸಿದರು. ಊಟದ ಕೊನೆಯಲ್ಲಿ ಬಡಿಸಿದ ಪದರಪದರವಾದ ಸಿಹಿಯನ್ನು ನೋಡಿದಾಗ ಟ್ರಾನ್ಸಿಸ್ಟರಿಗೂ ಇನ್ನೊಂದು ಪದರವನ್ನೇಕೆ ಸೇರಿಸಬಾರದೆಂದು ಹೊಳೆಯಿತೆಂದು ಝೀ ಅವರು ಮುಂದೆ ಹೇಳುತ್ತಿದ್ದರು. ನಮ್ಮ ಕಡೆಯಾಗಿದ್ದರೆ ಆ ಕೀರ್ತಿ ಚಿರೋಟಿಗೆ ಸಲ್ಲುತ್ತಿತ್ತು! 1984ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೋಕ ಅವರು ಕೋಶಗಳನ್ನು ಗುಂಪುಗುಂಪಾಗಿ ಒಮ್ಮೆಗೇ ಅಳಿಸಬಲ್ಲ ರೂಪವನ್ನು ಪ್ರಕಟಿಸಿದರು. ಅಳಿಸುವ ಕ್ರಮವು ಕ್ಯಾಮರಾದ ಮಿಂಚುದೀಪವನ್ನು ನೆನಪಿಗೆ ತರುವುದೆಂದು ಅವರ ಸಹೋದ್ಯೋಗಿಯೊಬ್ಬರು ಅದಕ್ಕೆ ಫ್ಲಾಷ್ ಎಂಬ ಹೆಸರನ್ನು ಸೂಚಿಸಿದರು.

ತೇಲುದ್ವಾರವನ್ನು ಒಂದು ಕೆರೆಯೆಂದು ಭಾವಿಸಿಕೊಳ್ಳೋಣ. ಅದರೊಳಗಿನ ನೀರು ಎಲೆಕ್ಟ್ರಾನುಗಳು. ಸುತ್ತಲಿನ ಸಿಲಿಕಾನ್ ಡೈ ಆಕ್ಸೈಡಿನ ತೆಳುಪದರವೇ ಕೆರೆಯ ಏರಿ. ಕೆರೆ ತುಂಬಿದ್ದರೆ ಒಂದು ಅರ್ಥ, ಬರಿದಾಗಿದ್ದರೆ ಇನ್ನೊಂದು. ವಿದ್ಯುತ್ತು ನಿಂತರೂ ಏರಿ ಭದ್ರವಾಗಿರುವುದರಿಂದ ನೀರು ಎಲ್ಲಿಗೂ ಹೋಗುವುದಿಲ್ಲ; ಪೆನ್ ಡ್ರೈವನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡರೂ ಬರಹ ಉಳಿಯುವುದು ಇದರಿಂದಲೇ.

ಆದರೆ ತೂಬೇ ಇಲ್ಲದ ಈ ಕೆರೆಗೆ ನೀರು ತುಂಬುವುದೆಂತು, ಬರಿದುಮಾಡುವುದೆಂತು? ಇಲ್ಲಿ ಭೌತವಿಜ್ಞಾನದ ಒಂದು ಸೋಜಿಗವು ನೆರವಿಗೆ ಬರುತ್ತದೆ. ಎಲೆಕ್ಟ್ರಾನು ಬರಿಯ ಕಣವಲ್ಲ, ಅದಕ್ಕೆ ತರಂಗಸ್ವಭಾವವೂ ಉಂಟು. ಗೋಡೆಯನ್ನು ಹತ್ತಿ ದಾಟುವಷ್ಟು ಶಕ್ತಿಯಿಲ್ಲದ ಎಲೆಕ್ಟ್ರಾನೂ, ಗೋಡೆ ಸಾಕಷ್ಟು ತೆಳ್ಳಗಿದ್ದರೆ, ಅದನ್ನು ತೂರಿ ಆಚೆಗೆ ಕಾಣಿಸಿಕೊಳ್ಳುವ ಸಂಭವವಿದೆ. ಇದಕ್ಕೆ ಸುರಂಗಗಮನವೆಂದು ಹೆಸರಿಡಬಹುದು. ಪ್ರಬಲವಾದ ವಿದ್ಯುತ್‌ಕ್ಷೇತ್ರದಲ್ಲಿ ಲೋಹದಿಂದ ಎಲೆಕ್ಟ್ರಾನುಗಳು ಹೀಗೆ ಹೊರಬರುವುದರ ಗಣಿತವನ್ನು ಆರ್. ಎಚ್. ಫೌಲರ್ ಮತ್ತು ಎಲ್. ನಾರ್ಡ್‌ಹೈಮ್ ಅವರು 1928ರಲ್ಲಿ ಕೊಟ್ಟರು. ರಾಮನ್ ಪರಿಣಾಮವು ಕಲ್ಕತ್ತೆಯಲ್ಲಿ ಬೆಳಕಿಗೆ ಬಂದ ವರ್ಷವೂ ಅದೇ. ಈ ಫೌಲರ್ ಅವರೇ ಮುಂದೆ ಕೇಂಬ್ರಿಡ್ಜಿನಲ್ಲಿ ಎಸ್. ಚಂದ್ರಶೇಖರ್ ಅವರಿಗೆ ಮಾರ್ಗದರ್ಶಕರಾದರೆಂಬುದನ್ನು ವಾಚಕರು ನೆನೆಯಬಹುದು.

ಫ್ಲಾಷ್ ಕೋಶದ ಏರಿ ಎಷ್ಟು ತೆಳುವೆಂದರೆ ಸುಮಾರು 8 ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲು. ಇದರ ಎರಡು ಬದಿಗಳ ನಡುವೆ ಪ್ರತಿ ನ್ಯಾನೋಮೀಟರಿಗೆ 1 ವೋಲ್ಟಿನ ಆಸುಪಾಸಿನ ಒತ್ತಡ ಬಿದ್ದಾಗ ಎಲೆಕ್ಟ್ರಾನುಗಳು ತೂರತೊಡಗುತ್ತವೆ. ಮೀಟರಿನ ಲೆಕ್ಕಕ್ಕೆ ತಂದರೆ ಇದು 100 ಕೋಟಿ ವೋಲ್ಟು. ಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಮೀಟರಿಗೆ 30 ಲಕ್ಷ ವೋಲ್ಟು ಸಾಕು. ಪೆನ್ ಡ್ರೈವಿಗೆ ಗಣಕಯಂತ್ರದಿಂದ ದೊರೆಯುವುದು 5 ವೋಲ್ಟು ಮಾತ್ರ. ಚಿಪ್ಪಿನೊಳಗಿರುವ ಮಂಡಲವೊಂದು, ಏತದಿಂದ ಹಂತಹಂತವಾಗಿ ನೀರೆತ್ತುವಂತೆ, ಇದನ್ನು 20 ವೋಲ್ಟಿನ ಸುಮಾರಿಗೆ ಏರಿಸಿಕೊಡುತ್ತದೆ. ಓದುವುದಕ್ಕೆ ಇಷ್ಟು ಒತ್ತಡ ಬೇಡ. ಕೆರೆಯಲ್ಲಿ ನೀರು ಎಷ್ಟಿದೆಯೆಂದು ದಡದಿಂದ ನೋಡಿದಂತೆ, ಟ್ರಾನ್ಸಿಸ್ಟರಿನಲ್ಲಿ ಪ್ರವಾಹ ಹರಿಯುವುದೋ ಇಲ್ಲವೋ ಎಂದು ಪರೀಕ್ಷಿಸಿದರಾಯಿತು.

ಈಗ ಸವೆತದ ಗುಟ್ಟು ತಿಳಿಯಿತು. ಏರಿಯನ್ನು ತೂರಿ ಬರುವ ಎಲೆಕ್ಟ್ರಾನುಗಳೆಲ್ಲವೂ ನಿರುಪದ್ರವಿಗಳಾಗಿ ಹೋಗುವುದಿಲ್ಲ. ಕೆಲವು ನಡುದಾರಿಯಲ್ಲಿಯೇ ಸಿಕ್ಕಿಬೀಳುತ್ತವೆ. ಕೆಲವು ಆಕ್ಸೈಡಿನ ಪರಮಾಣುಗಳ ಬಂಧನವನ್ನು ಸಡಿಲಿಸುತ್ತವೆ. ಕೆರೆಯ ಏರಿಯಲ್ಲಿ ಏಡಿ ಬಿಲ ತೋಡಿದಂತೆ ಒಂದೊಂದು ಸಲ ಬರೆದು ಅಳಿಸಿದಾಗಲೂ ಅಲ್ಲೊಂದು ಇಲ್ಲೊಂದು ದೋಷ ಉಳಿಯುತ್ತದೆ. ಬಿಲಗಳು ಒಂದಕ್ಕೊಂದು ಸಮೀಪಿಸಿದಾಗ ನೀರು ಜಿನುಗತೊಡಗುತ್ತದೆ, ಬರೆದುದು ನಿಲ್ಲುವುದಿಲ್ಲ.

ಎಷ್ಟು ಸಲಕ್ಕೆ ಹೀಗಾಗುತ್ತದೆ ಎಂಬುದು ಕೆರೆಯಿಂದ ನಾವು ಕೇಳುವ ಕೆಲಸವನ್ನು ಅವಲಂಬಿಸಿದೆ. ನೀರಿದೆಯೇ ಇಲ್ಲವೇ ಎಂದಷ್ಟೇ ಕೇಳುವ ಒಂದು ಬಿಟ್ಟಿನ ಕೋಶವು ಲಕ್ಷದ ಸುಮಾರಿಗೆ ಸಲ ಬರೆಸಿಕೊಂಡೀತು. ನಾಲ್ಕು ಮಟ್ಟಗಳನ್ನು ಗುರುತಿಸಬೇಕಾದ ಎರಡು ಬಿಟ್ಟಿನ ಕೋಶಕ್ಕೆ ಕೆಲವು ಸಾವಿರ. ಮೂರು ಬಿಟ್ಟಾದರೆ ಎಂಟು ಮಟ್ಟಗಳು. ಆಯುಸ್ಸು 1000ದಿಂದ 3000 ಸಲ, ಅಗ್ಗದ ಮಾಲಿನಲ್ಲಿ ಅದಕ್ಕೂ ಕಡಿಮೆ. ನಾಲ್ಕು ಬಿಟ್ಟಿನದರಲ್ಲಿ ಹದಿನಾರು ಮಟ್ಟಗಳು, ಅದು ಇನ್ನೂ ಸೂಕ್ಷ್ಮ. ಹದಿನಾರು ಗೆರೆಗಳಲ್ಲಿ ನೀರು ಯಾವ ಗೆರೆಯ ಬಳಿ ನಿಂತಿದೆಯೆಂದು ತಪ್ಪದೆ ಹೇಳಬೇಕಾದಲ್ಲಿ ಸ್ವಲ್ಪ ಜಿನುಗಿದರೂ ಉತ್ತರ ತಪ್ಪುತ್ತದೆಯಷ್ಟೆ. ಬೆಲೆ ಇಳಿದಂತೆಲ್ಲ, ಒಂದೇ ಚಿಪ್ಪಿನಲ್ಲಿ ಹಿಡಿಸುವ ಬರಹ ಹೆಚ್ಚಿದಂತೆಲ್ಲ ಕೋಶದ ಆಯುಸ್ಸು ಕುಗ್ಗುತ್ತ ಬಂದಿರುವುದು ಹೀಗೆ. 2013ರಿಂದ ಈಚೆಗೆ ಕೋಶಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಪೇರಿಸುವ ವಿಧಾನವು ಬಳಕೆಗೆ ಬಂದು ಈ ಇಳಿತವನ್ನು ತಕ್ಕಮಟ್ಟಿಗೆ ತಡೆದಿದೆ.

ಮೂರು ಲೆಕ್ಕಗಳು

ಬರೆಯುವುದಕ್ಕೂ ಅಳಿಸುವುದಕ್ಕೂ ಫ್ಲಾಷ್ ಸ್ಮೃತಿಯಲ್ಲಿ ಅಳತೆ ಬೇರೆಬೇರೆ. ಬರೆಯುವುದು ಹಾಳೆಯ ಲೆಕ್ಕದಲ್ಲಿ, ಅಂದರೆ ಕೆಲವು ಕಿಲೋಬೈಟುಗಳಷ್ಟು. ಅಳಿಸುವುದಾದರೆ ನೂರಾರು ಹಾಳೆಗಳಿರುವ ಇಡೀ ಕಟ್ಟನ್ನೇ ಅಳಿಸಬೇಕು. ಬರೆದ ಹಾಳೆಯ ಮೇಲೆ ತಿದ್ದಿ ಬರೆಯುವಂತಿಲ್ಲ. ಈ ಅನನುಕೂಲವನ್ನು ಮರೆಮಾಡಲು ಪ್ರತಿಯೊಂದು ಪೆನ್ ಡ್ರೈವಿನಲ್ಲಿಯೂ ನಿಯಂತ್ರಕವೆಂಬ ಸಣ್ಣ ಗಣಕವಿರುತ್ತದೆ. ನಮ್ಮ ಹಳ್ಳಿಗಳ ನೀರಗಂಟಿಯು ಸರದಿಯ ಪ್ರಕಾರ ಎಲ್ಲ ಗದ್ದೆಗಳಿಗೂ ನೀರು ಬಿಡುವಂತೆ, ಈ ನಿಯಂತ್ರಕವು ಬರಹವನ್ನು ಎಲ್ಲ ಕಟ್ಟುಗಳಿಗೂ ಹಂಚಿ ಸವೆತವು ಒಂದೇ ಕಡೆ ಬೀಳದಂತೆ ನೋಡಿಕೊಳ್ಳಬೇಕು. ಯಾವ ಹಾಳೆ ಎಲ್ಲಿದೆಯೆಂಬ ಪಟ್ಟಿಯೂ ಅದರ ಬಳಿಯಿರುತ್ತದೆ. ಇಂಥ ನಿಯಂತ್ರಕಗಳ ಮತ್ತು ಸ್ಮೃತಿಯ ವಿನ್ಯಾಸದ ಕೆಲಸ ನಮ್ಮ ನೆರೆಯ ಬೆಂಗಳೂರು ನಗರದಲ್ಲಿಯೂ ನಡೆಯುತ್ತದೆ; ಸ್ಯಾನ್‌ಡಿಸ್ಕ್, ಸ್ಯಾಮ್ಸಂಗ್ ಮುಂತಾದ ಸಂಸ್ಥೆಗಳ ಕೇಂದ್ರಗಳು ಅಲ್ಲಿವೆ.

ಈಗ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ ಕಡ್ಡಿ ಹಿಡಿದು ಜೊತೆಗೆ ಬರಬಹುದು. ನಮ್ಮ ಪೆನ್ ಡ್ರೈವು 16 ಗಿಗಾಬೈಟಿನದು, ಕೋಶದ ಆಯುಸ್ಸು 1000 ಸಲ, ಕಟ್ಟೊಂದು 4 ಮೆಗಾಬೈಟು ಎಂದಿಟ್ಟುಕೊಳ್ಳಿ. ಆಗ 4000 ಕಟ್ಟುಗಳಾದುವು. ಲಿನಕ್ಸ್ ವ್ಯವಸ್ಥೆಯಲ್ಲಿ ಬಹಳವಾಗಿ ಬಳಸುವ ಒಂದು ಕಡತ ವಿಧಾನವು, ಬರೆಯಬೇಕಾದುದು ಏನಾದರೂ ಇದ್ದರೆ, 5 ಸೆಕೆಂಡಿಗೊಮ್ಮೆ ಅದನ್ನು ಸ್ಮೃತಿಗೆ ಇಳಿಸುತ್ತದೆ. ಸರ್ವರಿನಲ್ಲಿ ಬರೆಯುವುದು ಯಾವಾಗಲೂ ಏನಾದರೊಂದು ಇದ್ದೇ ಇರುತ್ತದೆ: ಯಾರು ಬಂದರು, ಯಾರು ಹೋದರು, ಯಾವ ಕಡತವನ್ನು ಯಾರು ತೆರೆದರು ಎಂಬ ದಿನಚರಿ. ಪ್ರತಿ ಸಲವೂ 4 ಕಿಲೋಬೈಟೇ ಆಗಲಿ. ದಿನಕ್ಕೆ 86,400 ಸೆಕೆಂಡು. ಆದುದರಿಂದ 17,280 ಸಲ. ಒಟ್ಟು ಬರಹ ಸುಮಾರು 69 ಮೆಗಾಬೈಟು.

ನೀರಗಂಟಿ ಅತ್ಯಂತ ದಕ್ಷನಾಗಿದ್ದು, ಚೂರುಪಾರು ಬರಹವನ್ನೆಲ್ಲ ಒಟ್ಟುಗೂಡಿಸಿ ಒಂದು ಹಾಳೆಯೂ ಪೋಲಾಗದಂತೆ ಹಂಚಿದರೆ 16,000 ಗಿಗಾಬೈಟು ಬರೆಯಬಹುದು. ದಿನಕ್ಕೆ 69 ಮೆಗಾಬೈಟಿನಂತೆ ಅದು ಮುಗಿಯಲು 630 ವರ್ಷಗಳು ಬೇಕು. ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದಂದಿನಿಂದ ಇಂದಿನವರೆಗೂ ಅಷ್ಟು ಕಾಲ ಕಳೆದಿಲ್ಲ.

ನೀರಗಂಟಿ ಸರದಿಯನ್ನೇನೋ ಪಾಲಿಸುತ್ತಾನೆ, ಆದರೆ ಬುದ್ಧಿ ಸಾಲದು. 4 ಕಿಲೋಬೈಟು ತಿದ್ದಬೇಕಾದಾಗಲೆಲ್ಲ 4 ಮೆಗಾಬೈಟಿನ ಕಟ್ಟನ್ನೇ ಹೊಸದಾಗಿ ಬರೆಯುತ್ತಾನೆ ಎನ್ನೋಣ. ಅಗ್ಗದ ಪೆನ್ ಡ್ರೈವುಗಳಲ್ಲಿ ಇದು ಅಪರೂಪವಲ್ಲ. ಅವು ದೊಡ್ಡ ದೊಡ್ಡ ಚಿತ್ರಗಳನ್ನೂ ಹಾಡುಗಳನ್ನೂ ಒಂದೇ ಬೀಸಿಗೆ ತುಂಬಿಕೊಳ್ಳಲೆಂದು ಮಾಡಿದವು, ಚಿಲ್ಲರೆ ಬರಹಕ್ಕಲ್ಲ. ಈಗ ಒಟ್ಟು ದೊರೆಯುವುದು 4000 ಕಟ್ಟುಗಳಿಗೆ 1000ದಂತೆ 40 ಲಕ್ಷ ಸಲ. ಇದನ್ನು 17,280ರಿಂದ ಭಾಗಿಸಿದರೆ 231 ದಿನ. ಏಳೂವರೆ ತಿಂಗಳು! ಜೂನಿನಲ್ಲಿ ಸಿಕ್ಕಿಸಿದ ಪೆನ್ ಡ್ರೈವು ವಾರ್ಷಿಕ ಪರೀಕ್ಷೆಯನ್ನು ಕಾಣಲಿಕ್ಕಿಲ್ಲ.

ಇನ್ನು ನೀರಗಂಟಿಯೇ ಇಲ್ಲ, ದಿನಚರಿಯ ಕಡತವು ಯಾವಾಗಲೂ ಒಂದೇ ಕಟ್ಟಿನ ಮೇಲೆ ಬೀಳುತ್ತದೆ ಎಂದಾದರೆ 1000 ಸಲಕ್ಕೆ 5000 ಸೆಕೆಂಡು. ಅಂದರೆ 83 ನಿಮಿಷ. ಎರಡು ಪಾಠಗಳ ಅವಧಿ.

ಅದೇ ಚಿಪ್ಪು, ಅದೇ ಬರಹ; ಫಲ 630 ವರ್ಷ, ಏಳೂವರೆ ತಿಂಗಳು, 83 ನಿಮಿಷ. ನಿಜವಾದ ಪೆನ್ ಡ್ರೈವು ಮೊದಲ ಎರಡರ ನಡುವೆ ಎಲ್ಲಿಯೋ ಇರುತ್ತದೆ. ಅದು ಎಲ್ಲಿದೆಯೆಂಬುದನ್ನು ಅಂಗಡಿಯವನು ಹೇಳಲಾರ, ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಒಳ್ಳೆಯ ಎಸ್‌ಎಸ್‌ಡಿ ಎಂಬ ಘನಸ್ಥಿತಿಯ ಡಿಸ್ಕುಗಳಲ್ಲಾದರೆ ಎಷ್ಟು ಟೆರಾಬೈಟು ಬರೆಯಬಹುದೆಂಬ ಸಂಖ್ಯೆಯನ್ನು ತಯಾರಕರು ಕೊಡುತ್ತಾರೆ, ಸವೆತ ಎಷ್ಟಾಗಿದೆಯೆಂದು ಡಿಸ್ಕೇ ವರದಿಮಾಡುತ್ತದೆ. ಬಹುಪಾಲು ಪೆನ್ ಡ್ರೈವುಗಳಲ್ಲಿ ಈ ಎರಡೂ ಇಲ್ಲ.

ದೊಡ್ಡವರ ಅನುಭವ

ಈ ಲೆಕ್ಕ ಬರಿಯ ಹಾಳೆಯ ಮೇಲಿನದಲ್ಲವೆಂಬುದಕ್ಕೆ ದೊಡ್ಡ ದೊಡ್ಡ ಸರ್ವರುಗಳ ಇತಿಹಾಸವೇ ಸಾಕ್ಷಿ. ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸುವ ವಿಎಮ್‌ವೇರ್ ಸಂಸ್ಥೆಯ ಇಎಸ್ಎಕ್ಸ್ಐ ಎಂಬ ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದಲೋ ಕ್ಯಾಮರಾಗಳಲ್ಲಿ ಬಳಸುವಂಥ ಎಸ್‌ಡಿ ಕಾರ್ಡಿನಿಂದಲೋ ಆರಂಭಿಸುವುದು ಬಹುಕಾಲ ಒಪ್ಪಿತವಾದ ಪದ್ಧತಿಯಾಗಿತ್ತು. ಸರ್ವರ್ ತಯಾರಕರು ಅದಕ್ಕೆಂದೇ ಒಳಗೆ ಕಿಂಡಿಯಿಟ್ಟು ಕೊಡುತ್ತಿದ್ದರು. ಪದ್ಧತಿ ಚೆನ್ನಾಗಿಯೇ ನಡೆಯಿತು. ಏಕೆಂದರೆ ವ್ಯವಸ್ಥೆಯು ಆರಂಭದಲ್ಲಿ ಒಮ್ಮೆ ತನ್ನನ್ನು ತಾನು ಯಂತ್ರದ ತಾತ್ಕಾಲಿಕ ಸ್ಮೃತಿಗೆ ತುಂಬಿಕೊಂಡು, ಆಮೇಲೆ ಬೂಟ್ ಸಾಧನವನ್ನು ಬಹುಮಟ್ಟಿಗೆ ಮರೆತೇಬಿಡುತ್ತಿತ್ತು. 2020ರಲ್ಲಿ ಬಂದ 7.0ನೆಯ ಆವೃತ್ತಿಯಲ್ಲಿ ಸಾಧನದ ವಿಭಾಗಕ್ರಮವು ಬದಲಾಯಿತು. ಅದರ ಮೇಲೆಯೇ ಎಡೆಬಿಡದೆ ಓದುವ ಬರೆಯುವ ಕೆಲಸ ಹೆಚ್ಚಿತು. ಮರುವರ್ಷ ಅನೇಕ ಕಡೆಗಳಲ್ಲಿ ಕಾರ್ಡುಗಳೂ ಪೆನ್ ಡ್ರೈವುಗಳೂ ಕೆಟ್ಟ ವರದಿಗಳು ಬಂದುವು. ಅವನ್ನಷ್ಟೇ ನಂಬಿ ಆರಂಭಿಸುವ ಕ್ರಮವನ್ನು ಕೈಬಿಡತಕ್ಕದ್ದೆಂದು ಸಂಸ್ಥೆಯೇ 2021ರಲ್ಲಿ ಸಾರಿತು. ಕಾರ್ಡು ಬದಲಾಗಿರಲಿಲ್ಲ, ಬರೆಯುವ ಅಭ್ಯಾಸ ಬದಲಾಗಿತ್ತು.

ಕಡತಗಳನ್ನು ಕೂಡಿಡುವ ಸರ್ವರುಗಳಲ್ಲಿ ಬಳಸುತ್ತಿದ್ದ ಫ್ರೀನ್ಯಾಸ್ ಎಂಬ ವ್ಯವಸ್ಥೆಯದೂ ಇದೇ ಕಥೆ. ಮೊದಲು ಅದು ಬೂಟ್ ಸಾಧನವನ್ನು ಓದುವುದಕ್ಕೆ ಮಾತ್ರ ಬಳಸುತ್ತಿತ್ತು, 9.3ನೆಯ ಆವೃತ್ತಿಯಿಂದ ಅದರ ಮೇಲೆ ಬರೆಯತೊಡಗಿತು. ಬರಬರುತ್ತ ಪೆನ್ ಡ್ರೈವು ಬೇಡ, ಸಣ್ಣ ಎಸ್‌ಎಸ್‌ಡಿ ಹಾಕಿರಿ ಎಂಬ ಸಲಹೆ ಬಂತು. ಇದಕ್ಕೆ ಹೊರತಾಗಿ ಅನ್‌ರೇಡ್ ಎಂಬ ವ್ಯವಸ್ಥೆಯು ಪೆನ್ ಡ್ರೈವಿನಿಂದ ಒಮ್ಮೆ ತುಂಬಿಕೊಂಡು ತಾತ್ಕಾಲಿಕ ಸ್ಮೃತಿಯಿಂದಲೇ ನಡೆಯುತ್ತದೆ. ಅಂಥಲ್ಲಿ ಸಾಧಾರಣವಾದ ಪೆನ್ ಡ್ರೈವೂ ವರ್ಷಗಟ್ಟಲೆ ಬಾಳುವುದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕವನ್ನು ಮುಂಚಿತವಾಗಿ ಮಾಡದಿದ್ದರೆ ಎಷ್ಟು ವೆಚ್ಚವಾದೀತೆಂಬುದನ್ನು ಟೆಸ್ಲಾ ಮೋಟಾರು ಕಾರುಗಳ ಪ್ರಕರಣ ತೋರಿಸುತ್ತದೆ. 2012ರಿಂದ 2018ರವರೆಗಿನ ಕೆಲವು ಕಾರುಗಳ ನಡುಪರದೆಯನ್ನು ನಡೆಸುವ ಗಣಕದಲ್ಲಿ 8 ಗಿಗಾಬೈಟಿನ ಫ್ಲಾಷ್ ಸ್ಮೃತಿಯಿತ್ತು. ಅದರ ಕೋಶಗಳ ಆಯುಸ್ಸು 3000 ಸಲ. ಪ್ರತಿಯೊಂದು ಕಟ್ಟೂ ದಿನಕ್ಕೆ ಸರಾಸರಿ 1.4 ಸಲ ಅಳಿಸಲ್ಪಡುತ್ತಿತ್ತು. ಭಾಗಿಸಿ ನೋಡಿ: 2143 ದಿನ, ಆರು ವರ್ಷಕ್ಕೆ ಸ್ವಲ್ಪ ಕಡಿಮೆ. ಚಕ್ರಗಳೂ ಮೋಟಾರೂ ಗಟ್ಟಿಮುಟ್ಟಾಗಿರುವಾಗಲೇ ಪರದೆ ಕುರುಡಾಗತೊಡಗಿತು. ಹಿಂದಕ್ಕೆ ಚಲಿಸುವಾಗ ನೋಡಬೇಕಾದ ಕ್ಯಾಮರಾ ಚಿತ್ರವೂ ಅದರೊಡನೆ ಹೋಯಿತು. ಕೊನೆಗೆ ಅಮೆರಿಕದ ಸುರಕ್ಷಾ ಇಲಾಖೆಯ ಒತ್ತಾಯದ ಮೇಲೆ 2021ರಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು.

ಸವೆತವೇ ಎಲ್ಲಕ್ಕೂ ಕಾರಣವೆಂದೂ ತಿಳಿಯಬಾರದು. 2004ರ ಜನವರಿ 21ರಂದು ಮಂಗಳಗ್ರಹದ ಮೇಲೆ ಸ್ಪಿರಿಟ್ ಎಂಬ ಗಾಡಿಯು ಮಾತು ನಿಲ್ಲಿಸಿತು. ಅದರ ಗಣಕವು 60ಕ್ಕೂ ಹೆಚ್ಚು ಸಲ ಆರಂಭವಾಗಿ, ಪ್ರತಿ ಸಲವೂ ಎಡವಿ, ಮತ್ತೆ ಆರಂಭವಾಗುತ್ತಿತ್ತು. ಫ್ಲಾಷ್ ಹೊಸದೇ, ಆದರೆ ಅದರಲ್ಲಿ ಕಡತಗಳು ಮಿತಿಮೀರಿ ಸೇರಿ, ಅವುಗಳ ಪಟ್ಟಿಯನ್ನು ತೆರೆಯಲು ತಾತ್ಕಾಲಿಕ ಸ್ಮೃತಿ ಸಾಲದಾಗಿತ್ತು. ಫ್ಲಾಷನ್ನು ಮುಟ್ಟದೆ ಆರಂಭವಾಗೆಂದು ಭೂಮಿಯಿಂದ ಆಜ್ಞೆ ಕಳಿಸಿ, ಆಮೇಲೆ ಅದನ್ನು ಒರಸಿ ಹೊಸದಾಗಿ ಅಣಿಮಾಡಿದರು. ಅದರ ಜೊತೆಯ ಆಪರ್ಚುನಿಟಿ ಗಾಡಿಯ ವಿಷಯ ಬೇರೆ. 90 ದಿನಗಳಿಗೆಂದು ಹೋದ ಅದು ಹತ್ತು ವರ್ಷ ದುಡಿದ ಮೇಲೆ, 2014ರ ಆಗಸ್ಟ್ ತಿಂಗಳಲ್ಲಿ ಅದರ ಗಣಕವು ಪದೇ ಪದೇ ತಾನಾಗಿಯೇ ಪುನರಾರಂಭವಾಗತೊಡಗಿತು. ಬಹಳವಾಗಿ ಬಳಸಿದ ಕೋಶಗಳ ಸವೆತವೇ ಕಾರಣವಿರಬೇಕೆಂದು ಊಹಿಸಿ, ಕೆಟ್ಟ ಕೋಶಗಳನ್ನು ಗುರುತಿಸಿ ಬಿಡುವಂತೆ ಅಲ್ಲಿಯೂ ಸ್ಮೃತಿಯನ್ನು ಒರಸಿ ಅಣಿಮಾಡಿದರು. ಅಂಗಡಿಗೆ ಹೋಗಿ ಇನ್ನೊಂದು ತರುವ ಅನುಕೂಲ ಅಲ್ಲಿರಲಿಲ್ಲವಲ್ಲ!

ಸೆಕೆ, ವಿದ್ಯುತ್ತು ಮತ್ತು ಮೌನ

ಬರೆಯದೆ ಸುಮ್ಮನಿದ್ದರೂ ಕೆರೆಯ ನೀರು ಶಾಶ್ವತವಲ್ಲ. ಹೊಸ ಕೋಶವು ಬರಹವನ್ನು ಹತ್ತು ವರ್ಷ ಹಿಡಿದಿಡಬಲ್ಲುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸವೆದ ಕೋಶದ ಹಿಡಿತ ಸಡಿಲ. ಆಯುಸ್ಸು ಮುಗಿದ ಎಸ್‌ಎಸ್‌ಡಿಯೊಂದು ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಬರಹವನ್ನು ಕಾಪಾಡಿದರೆ ಸಾಕೆಂದು ಜೆಡೆಕ್ ಎಂಬ ತಾಂತ್ರಿಕ ಮಂಡಲಿಯ ನಿಯಮ ಹೇಳುತ್ತದೆ. ಅದೂ ಸಾಧಾರಣ ಬಳಕೆಯವಕ್ಕೆ ಮಾತ್ರ. ಉಷ್ಣತೆ ಏರಿದಂತೆ ಜಿನುಗುವ ವೇಗ ಎಷ್ಟು ಹೆಚ್ಚುತ್ತದೆಂಬುದನ್ನು ಅರೀನಿಯಸ್ ಸೂತ್ರದಿಂದ ಲೆಕ್ಕಹಾಕಬಹುದು. ತಡೆಶಕ್ತಿಯನ್ನು ರೂಢಿಯಂತೆ 1.1 ಎಲೆಕ್ಟ್ರಾನ್ ವೋಲ್ಟ್ ಎಂದು ತೆಗೆದುಕೊಂಡರೆ 30ರಿಂದ 40 ಡಿಗ್ರಿಗೆ ಏರಿದಾಗ ವೇಗ ಹೆಚ್ಚುಕಡಿಮೆ ನಾಲ್ಕು ಪಟ್ಟು, 55 ಡಿಗ್ರಿಯಲ್ಲಿ ಸುಮಾರು 25 ಪಟ್ಟು. ಏಪ್ರಿಲ್ ತಿಂಗಳಲ್ಲಿ ದೇವನಹಳ್ಳಿ, ಹೊಸಕೋಟೆಗಳ ಬಯಲಿನಲ್ಲಿ ಗಾಳಿಯೇ 35 ಡಿಗ್ರಿ ಮುಟ್ಟುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ, ಬಿಸಿಗಾಳಿ ಹೊರಬರುವ ಸರ್ವರಿನ ಬೆನ್ನಿಗೆ ಅಂಟಿಕೊಂಡ ಪೆನ್ ಡ್ರೈವು 55 ಡಿಗ್ರಿಯಲ್ಲಿರುವುದು ಅಸಂಭವವೇನಲ್ಲ. ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ. ಒಂದು ಗೇಣುದ್ದದ ವಿಸ್ತರಣ ತಂತಿಯಿಂದ ಅದನ್ನು ದೂರ ತೂಗಬಿಟ್ಟರೆ ಎಷ್ಟೋ ಮೇಲು.

ವಿಚಿತ್ರವೆಂದರೆ ಉಷ್ಣವು ಕೋಶಕ್ಕೆ ಔಷಧವೂ ಹೌದು. ಏರಿಯೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳನ್ನು ಅದು ಬಿಡಿಸುತ್ತದೆ. 2012ರಲ್ಲಿ ತೈವಾನಿನ ಮ್ಯಾಕ್ರೋನಿಕ್ಸ್ ಸಂಸ್ಥೆಯವರು ಕೋಶಗಳನ್ನು ಕ್ಷಣಮಾತ್ರ 800 ಡಿಗ್ರಿಗೂ ಮೇಲೆ ಕಾಯಿಸಿ 10 ಕೋಟಿ ಸಲ ಬರೆಯಬಹುದೆಂದು ತೋರಿಸಿದರು. ಪೆನ್ ಡ್ರೈವನ್ನು ಒಲೆಯ ಮೇಲಿಟ್ಟು ಈ ಪ್ರಯೋಗವನ್ನು ಮಾಡಲು ಯಾರೂ ಹೊರಡಬಾರದು!

ವಿದ್ಯುತ್ತು ಥಟ್ಟನೆ ನಿಲ್ಲುವುದು ಸೆಕೆಗಿಂತ ದೊಡ್ಡ ಶತ್ರು. ನಿಯಂತ್ರಕವು ಹಾಳೆಗಳ ಪಟ್ಟಿಯನ್ನು ತಿದ್ದುತ್ತಿರುವಾಗ ಬೆಳಕು ಹೋದರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಕೋಶಗಳೆಲ್ಲ ಆರೋಗ್ಯವಾಗಿದ್ದರೂ ಯಾವುದು ಎಲ್ಲಿದೆಯೆಂದು ತಿಳಿಯದೆ ಇಡೀ ಪೆನ್ ಡ್ರೈವು ನಿರುಪಯೋಗಿಯಾಗಬಹುದು. ಗುಡುಗುಮಳೆಯ ದಿನಗಳಲ್ಲಿ ನಮ್ಮ ಕಡೆ ಬೆಳಕು ಹೋಗಿ ಬಂದು ಮಾಡುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬ್ಯಾಟರಿಯ ಆಸರೆಯಿಲ್ಲದ ಸರ್ವರಿಗೆ ಎಂಥ ಪೆನ್ ಡ್ರೈವು ಹಾಕಿದರೂ ಪ್ರಯೋಜನವಿಲ್ಲವೆಂದೇ ನನ್ನ ಅಭಿಪ್ರಾಯ.

ಮಾಡಬೇಕಾದ ಏರ್ಪಾಡು ಕಷ್ಟದ್ದಲ್ಲ. ದಿನಚರಿಯ ಕಡತಗಳನ್ನು ತಾತ್ಕಾಲಿಕ ಸ್ಮೃತಿಗೋ ದೊಡ್ಡ ಡಿಸ್ಕಿಗೋ ತಿರುಗಿಸಬೇಕು. ಕಡತವನ್ನು ಓದಿದಾಗಲೆಲ್ಲ ಓದಿದ ವೇಳೆಯನ್ನು ಬರೆದಿಡುವ ಹಳೆಯ ಅಭ್ಯಾಸವನ್ನು ಲಿನಕ್ಸ್ 2009ರಿಂದ ಬಹಳಮಟ್ಟಿಗೆ ಕೈಬಿಟ್ಟಿದೆ, ಪೂರ್ತಿಯಾಗಿಯೂ ನಿಲ್ಲಿಸಬಹುದು. ತಾತ್ಕಾಲಿಕ ಸ್ಮೃತಿ ಸಾಲದಾದಾಗ ಬೂಟ್ ಸಾಧನವನ್ನೇ ಸಾಲವಾಗಿ ಬಳಸುವ ಏರ್ಪಾಡನ್ನಂತೂ ತೆಗೆದೇ ಹಾಕಬೇಕು. ಬೇಕಾದುದು 4 ಗಿಗಾಬೈಟಾದರೂ 32 ಗಿಗಾಬೈಟಿನದನ್ನು ಕೊಂಡರೆ ನೀರಗಂಟಿಗೆ ಸರದಿಯ ಗದ್ದೆಗಳು ಹೆಚ್ಚಾಗುತ್ತವೆ. ಆದರೆ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಬೇಕು, ಏಕೆಂದರೆ ಇರುವ ಗಾತ್ರಕ್ಕಿಂತ ಹೆಚ್ಚಿನ ಗಾತ್ರವನ್ನು ಸುಳ್ಳಾಗಿ ತೋರಿಸುವ ಮಾಲು ಸಂತೆಯಲ್ಲಿ ಹೇರಳವಾಗಿದೆ. ಬರೆಯುವುದನ್ನು ತಪ್ಪಿಸಲಾಗದ ವ್ಯವಸ್ಥೆಯಾದರೆ ಪೆನ್ ಡ್ರೈವಿನ ಆಸೆಯನ್ನು ಬಿಟ್ಟು ಸಣ್ಣ ಎಸ್‌ಎಸ್‌ಡಿ ಹಾಕುವುದೇ ಸರಿ. ಬೆಲೆಯ ವ್ಯತ್ಯಾಸ ಒಂದು ಪಠ್ಯಪುಸ್ತಕದ್ದು ಎರಡರದ್ದು, ಅಷ್ಟೆ.

ಕೊನೆಯದಾಗಿ, ಎಡೆಬಿಡದೆ ನಡೆಯುವ ಸರ್ವರಿಗೇ ವಿಶಿಷ್ಟವಾದ ಒಂದು ಅಪಾಯವುಂಟು. ಬೂಟ್ ಸಾಧನವು ಎಂದೋ ಸತ್ತುಹೋಗಿರಬಹುದು. ಕೆಲವು ನಿಯಂತ್ರಕಗಳು ಕೆಟ್ಟ ಕೋಶಗಳು ಮಿತಿಮೀರಿದಾಗ ಬರೆಯುವುದನ್ನು ನಿಲ್ಲಿಸಿ ಓದಲು ಮಾತ್ರ ಬಿಡುತ್ತವೆ, ಕೆಲವು ಓದುವುದನ್ನೂ ನಿಲ್ಲಿಸುತ್ತವೆ. ಹಾಗಿದ್ದರೂ ವ್ಯವಸ್ಥೆಯೆಲ್ಲವೂ ಆಗಲೇ ತಾತ್ಕಾಲಿಕ ಸ್ಮೃತಿಯಲ್ಲಿರುವುದರಿಂದ ಸರ್ವರು ತಿಂಗಳುಗಟ್ಟಲೆ ಏನೂ ಆಗದಂತೆ ನಡೆಯುತ್ತಿರುತ್ತದೆ. ಪುಸ್ತಕದ ಪಟ್ಟಿ ಬರುತ್ತದೆ, ಅಂಕಗಳು ಸೇರುತ್ತವೆ, ಯಾರಿಗೂ ಅನುಮಾನವಿಲ್ಲ. ವಿದ್ಯುತ್ತು ಹೋಗಿ ಬಂದ ದಿನವೇ ತಿಳಿಯುವುದು. ಆದುದರಿಂದ ದೊಡ್ಡ ರಜೆಯ ಮುನ್ನ, ಯಾರಿಗೂ ತುರ್ತಿಲ್ಲದ ಮಧ್ಯಾಹ್ನವೊಂದರಲ್ಲಿ ಸರ್ವರನ್ನು ಕ್ರಮವಾಗಿ ನಿಲ್ಲಿಸಿ ಮತ್ತೆ ಆರಂಭಿಸಿ ನೋಡಬೇಕು. ಅದಕ್ಕೂ ಮೊದಲು ಪೆನ್ ಡ್ರೈವಿನ ಪೂರ್ಣಪ್ರತಿಯನ್ನು ಅದೇ ಗಾತ್ರದ ಇನ್ನೊಂದಕ್ಕೆ ತೆಗೆದು, ತಾರೀಖು ಬರೆದ ಚೀಟಿ ಅಂಟಿಸಿ, ತಂಪಾದ ಕಪಾಟಿನಲ್ಲಿ ಇಟ್ಟುಕೊಂಡಿರಬೇಕು. ಮುಂದಿನ ಸಲ ಆ ಪ್ರತಿಯಿಂದಲೇ ಆರಂಭಿಸಿ, ಹಳೆಯದನ್ನು ಕಪಾಟಿಗೆ ಕಳಿಸುವುದು.